ಮೂವತ್ತಮೂರು ಅಡಿಯ ಸರಪಳಿ: ನಮ್ಮ ಸೀಮೆಯ ಭೂಮಾಪನದ ಕಥೆ

ಗುಂಡ್ಲುಪೇಟೆ ಕಡೆಯ ನಾವು ಜಮೀನಿನ ಮಾತು ಬಂದರೆ ಎಕರೆ, ಗುಂಟೆ, ಆಣೆ ಎನ್ನುತ್ತೇವೆ. ಪಕ್ಕದ ಕೊಳ್ಳೇಗಾಲ 1956ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಪದ್ಧತಿ ಎಕರೆ ಮತ್ತು ಸೆಂಟಿನದು. ಎರಡೂವರೆ ಸೆಂಟು ನಮ್ಮ ಒಂದು ಗುಂಟೆಗೆ ಸಮ. ಈ ವ್ಯತ್ಯಾಸಕ್ಕೆ ಮೂಲ ಅಳೆದವರ ಕೈಯಲ್ಲಿದ್ದ ಸರಪಳಿ.

1799ರಲ್ಲಿ ಟಿಪ್ಪು ಮಡಿದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ತೊಡಗಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಅವರಿಗೆ ಬೇಕಾಗಿದ್ದುದು ದೇಶದ ನಕ್ಷೆ. ರೈತನ ಹೊಲದ ಅಳತೆಯಲ್ಲ. ಹೊಲಗಳ ಅಳತೆಗೆ ಕ್ರಮವಾಗಿ ಕೈಹಾಕಿದ್ದು, ಕಮಿಷನರ್ ಬೌರಿಂಗ್ ಕಾಲದಲ್ಲಿ, 1863ರಲ್ಲಿ ಆರಂಭವಾದ ಕಂದಾಯ ಸರ್ವೆ. ಅದು ಮುಂಬಯಿ ಪದ್ಧತಿಯನ್ನು ಅನುಸರಿಸಿತು.

ಆ ಸರಪಳಿಯ ಉದ್ದ 33 ಅಡಿ, ಅದರಲ್ಲಿ ಹದಿನಾರು ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ 1,089 ಚದರ ಅಡಿ, ಅಂದರೆ ಒಂದು ಗುಂಟೆ. ನಲವತ್ತು ಗುಂಟೆ ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಲೆಕ್ಕ ಎಷ್ಟು ಅಚ್ಚುಕಟ್ಟು! ಅದನ್ನು ನೆಲದ ಮೇಲೆ ಉಳಿಸಿಕೊಳ್ಳುವುದು ಮಾತ್ರ ಬೆವರಿನ ಕೆಲಸ.

ಮುಂದೆ ಒಬ್ಬ, ಹಿಂದೆ ಒಬ್ಬ ಸರಪಳಿ ಹಿಡಿದು ನಡೆಯಬೇಕು. ಪ್ರತಿ ಸರಪಳಿಗೂ ಕಡ್ಡಿ ನೆಡಬೇಕು, ಕಡ್ಡಿಗಳನ್ನು ಎಣಿಸುತ್ತ ಹೋಗಬೇಕು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಂಥ ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ಒರಗಿಸುವಂತಿಲ್ಲ. ಮಟ್ಟಸವಾಗಿ ಎತ್ತಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮುಳ್ಳುಬೇಲಿ ಅಡ್ಡ ಬಂದರೂ ಗೆರೆ ಸೊಟ್ಟಗಾಗಬಾರದು. ಹತ್ತು ಸರಪಳಿ ಉದ್ದ, ನಾಲ್ಕು ಸರಪಳಿ ಅಗಲದ ಎಕರೆ ಹೊಲವೊಂದನ್ನು ಗುರುತಿಸುವಾಗ, ಉದ್ದಕ್ಕೆ ಹಿಡಿದವನು ಪ್ರತಿ ಸಲವೂ ಅರ್ಧ ಅಡಿಯಷ್ಟು ಸಡಿಲ ಬಿಟ್ಟನೆನ್ನಿ. ಐದು ಅಡಿ ಅಗಲದ ಪಟ್ಟಿ ಹೋಯಿತು. 660 ಚದರ ಅಡಿ, ಅರ್ಧ ಗುಂಟೆಗೂ ಮಿಕ್ಕ ನೆಲ. ಅರ್ಧ ಗುಂಟೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಯಾವ ಊರಿನಲ್ಲಿಲ್ಲ ಹೇಳಿ? ಶಕ್ತಿಯಿದ್ದರೆ ಸಾಲದು, ಓದು ಇದ್ದರೂ ಸಾಲದು. ದಿನವಿಡೀ ನಡೆದು ಸಂಜೆಯ ಕೊನೆಯ ಕಡ್ಡಿಯನ್ನೂ ಬೆಳಗಿನ ಮೊದಲ ಕಡ್ಡಿಯಷ್ಟೇ ನಿಷ್ಠೆಯಿಂದ ನೆಡುವವನು ಬೇಕಾಗಿದ್ದ.

ಊರ ಎಲ್ಲೆಕಟ್ಟುಗಳ ನೆನಪು ಶಾನುಭೋಗರ ಕಡತದಲ್ಲಿ ಮಾತ್ರ ಇರಲಿಲ್ಲ, ತೋಟಿ, ತಳವಾರರ ಕಾಲುಗಳಲ್ಲೂ ಇತ್ತು. ಯಾವ ಹುಣಸೆಮರದಿಂದ ಯಾವ ಕಲ್ಲಿಗೆ ಗಡಿ ಎಂದು ತೋರಿಸುವವರು ಅವರೇ. ಎಲ್ಲರ ಗಡಿಯನ್ನೂ ಬಲ್ಲ ಅವರಿಗೆ ಇದ್ದದ್ದು ಬಹುಪಾಲು ಸೇವೆಗಾಗಿ ಬಿಟ್ಟ ಇನಾಂ ತುಂಡು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆ ಹುದ್ದೆಗಳನ್ನು ತೆಗೆದು, ಆ ಜಮೀನನ್ನು ಹಿಡುವಳಿದಾರರಿಗೇ ಮರುಮಂಜೂರು ಮಾಡಲು ದಾರಿ ಮಾಡಿತು. ಇತಿಹಾಸದ ಪುಸ್ತಕಗಳಲ್ಲಿ ಬೌರಿಂಗ್ ಇದ್ದಾನೆ. ಸರಪಳಿ ಎಳೆದವರ ಹೆಸರು ಹುಡುಕಿದರೂ ಸಿಗುವುದು ಅಪರೂಪ. ಇದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಈಗ ಉಪಗ್ರಹ ಆಧಾರಿತ ರೋವರ್ ಬಂದಿದೆ, ಡ್ರೋನ್ ಹಾರುತ್ತದೆ. ಪಹಣಿ ಗಣಕಯಂತ್ರ ಸೇರಿಯೂ ಎರಡು ದಶಕ ದಾಟಿತು. ಆದರೂ ಪೋಡಿಗೆ, ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಭೂಮಾಪಕರು ಹೊಲಕ್ಕೇ ಬರಬೇಕು. ಅರಿಶಿನದ ಸಾಲುಗಳ ನಡುವೆ ನಡೆದು, ಹಳೆಯ ಟಿಪ್ಪಣಿಯನ್ನು ಕೈಯಲ್ಲಿ ಹಿಡಿದು, ಮಣ್ಣು ಕೆದಕಿ ಹೂತುಹೋದ ಬಾಂದುಕಲ್ಲನ್ನು ಹುಡುಕುತ್ತಾರೆ. ಕಲ್ಲು ಸಿಕ್ಕರೆ ಅಳತೆ ಅಲ್ಲಿಂದ ಶುರು.