ಬೆಂಗಳೂರು–ಊಟಿ ಕಾರು ಪ್ರಯಾಣ: ಮೈಸೂರಿನ ವಿರಾಮಕ್ಕೆ ಬಂಡೀಪುರದ ಗಡಿಯಾರ

ರಜೆ ಬಂತೆಂದರೆ ಬೆಂಗಳೂರಿನ ಕುಟುಂಬಗಳು ಕಾರಿನಲ್ಲಿ ಊಟಿಯತ್ತ ಹೊರಡುವುದು ಹಳೆಯ ರೂಢಿ. ದಾರಿಯಲ್ಲಿ ಮೈಸೂರಿನಲ್ಲಿ ಕೆಲವು ಗಂಟೆ ನಿಂತು, ಮಕ್ಕಳಿಗೆ ಅರಮನೆ ತೋರಿಸಿ, ಊಟ ಮುಗಿಸಿ, ಕತ್ತಲಾಗುವುದರೊಳಗೆ ಬೆಟ್ಟ ಹತ್ತುವುದು ಬಹುತೇಕರ ಲೆಕ್ಕಾಚಾರ. ಈ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಮೈಸೂರಿನಲ್ಲಿಯೇ. ಅದರ ಪರಿಣಾಮ ಕಾಣುವುದು ಮಾತ್ರ ಗುಂಡ್ಲುಪೇಟೆಯ ಆಚೆ, ಬಂಡೀಪುರದ ಅರಣ್ಯ ತಪಾಸಣಾ ಠಾಣೆಯಲ್ಲಿ. ರಾತ್ರಿ 9 ಗಂಟೆಗೆ ಅಲ್ಲಿ ಗೇಟು ಮುಚ್ಚಿದರೆ ಮರುದಿನ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ತೆರೆಯುವುದಿಲ್ಲ.

ವಾಹನಗಳಿಗೆ ಸಿಲುಕಿ ವನ್ಯಪ್ರಾಣಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಈ ರಾತ್ರಿ ಸಂಚಾರ ನಿರ್ಬಂಧವನ್ನು ಹೇರಿತು. 2010ರ ಮಾರ್ಚ್‌ನಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಹಾಗೂ ಊಟಿಗೆ ಹೋಗುವ ಹೆದ್ದಾರಿ 181, ಎರಡಕ್ಕೂ ಇದು ಅನ್ವಯಿಸುತ್ತದೆ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗಷ್ಟೇ ವಿನಾಯಿತಿ. ಗಡಿಯಾಚೆಯ ಮುದುಮಲೆ ಅರಣ್ಯದಲ್ಲಿಯೂ ಇದೇ ವೇಳೆಯಲ್ಲಿ ರಸ್ತೆ ಮುಚ್ಚಿರುತ್ತದೆ. ಚಾಮರಾಜನಗರ–ಸತ್ಯಮಂಗಲ ದಾರಿ ಹಿಡಿದು ಸುತ್ತಿಹೋಗೋಣವೆಂದರೆ ಅಲ್ಲಿನ ದಿಂಬಂ ಘಾಟಿಯಲ್ಲೂ 2022ರಿಂದ ರಾತ್ರಿ ನಿರ್ಬಂಧವಿದೆ. ಹೀಗಾಗಿ ಕಾರು ಎಷ್ಟೇ ವೇಗವಾಗಿದ್ದರೂ ಈ ಪ್ರಯಾಣದ ವೇಳಾಪಟ್ಟಿಯನ್ನು ನಿರ್ಧರಿಸುವುದು ಕಾಡು.

ಬೆಂಗಳೂರಿನಿಂದ ಮೈಸೂರಿನವರೆಗಿನ ಹಾದಿ ಈಗ ಚಿಂತೆಯ ವಿಷಯವಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಸುಮಾರು 119 ಕಿ.ಮೀ. ಉದ್ದದ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದ ಮಿತಿಯಿದ್ದು, ಅದನ್ನು ಮೀರಿದವರನ್ನು ಕ್ಯಾಮೆರಾಗಳು ಹಿಡಿಯುತ್ತವೆ. ಹೆದ್ದಾರಿಯ ಮೇಲೆ ಒಂದೂವರೆ ಗಂಟೆ ಸಾಕಾದರೂ ಬೆಂಗಳೂರಿನಿಂದ ಹೊರಬೀಳಲು ಬೇಕಾಗುವ ಸಮಯವನ್ನು ಬೇರೆಯಾಗಿಯೇ ಎಣಿಸಬೇಕು. ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪಟ್ಟಣಗಳನ್ನು ಬದಿಗೆ ಸರಿಸಿ ಸಾಗುವುದರಿಂದ ಬಿಡದಿಯ ತಟ್ಟೆ ಇಡ್ಲಿಯಾಗಲಿ ಮದ್ದೂರು ವಡೆಯಾಗಲಿ ಬೇಕೆನ್ನುವವರು ಮೊದಲೇ ಹಳೆಯ ರಸ್ತೆಗೆ ಇಳಿಯಬೇಕಾಗುತ್ತದೆ. ಒಮ್ಮೆ ಇಳಿದರೆ ಅರ್ಧ ಗಂಟೆ ಹೋಯಿತೆಂದೇ ತಿಳಿಯಬೇಕು. ವಡೆಗಾಗಿ ಅಷ್ಟನ್ನು ಕಳೆದುಕೊಳ್ಳಲು ಸಿದ್ಧರಿರುವವರೇನೂ ಕಡಿಮೆಯಿಲ್ಲ.

ಮೈಸೂರಿನಲ್ಲಿ ಯಾವುದನ್ನು ಬಿಡಬೇಕು?

ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ, ಇವಿಷ್ಟನ್ನೂ ನಾಲ್ಕು ಗಂಟೆಗಳಲ್ಲಿ ನೋಡಿ ಮುಗಿಸುವ ಯೋಜನೆ ಕಾಗದದ ಮೇಲೆ ಮಾತ್ರ ಸಾಧ್ಯ. ಅರಮನೆಗೆ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ಪ್ರವೇಶ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಕಟ್ಟಲಾದ, 1912ರಲ್ಲಿ ಪೂರ್ಣಗೊಂಡ ಈ ಕಟ್ಟಡವನ್ನು ಸಾವಧಾನವಾಗಿ ನೋಡಲು ಎರಡು ಗಂಟೆ ಬೇಕು. ಒಳಗೆ ಪಾದರಕ್ಷೆ ಧರಿಸುವಂತಿಲ್ಲ; ಮಂಡಿನೋವಿನ ಹಿರಿಯರನ್ನು ಕರೆತಂದವರು ಕಾಲುಚೀಲವನ್ನಾದರೂ ಜತೆಗಿಟ್ಟುಕೊಳ್ಳುವುದು ಒಳಿತು.

1892ರಲ್ಲಿ ಆರಂಭವಾದ ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ದಿನಗಳಲ್ಲಿಯೂ ಅದನ್ನು ಅರಮನೆಯೊಡನೆ ಒಂದೇ ವಿರಾಮದಲ್ಲಿ ಸೇರಿಸಿಕೊಳ್ಳದಿರುವುದೇ ಜಾಣತನ. ಹಲವು ಕಿಲೋಮೀಟರ್ ನಡೆದು ದಣಿದ ಮಕ್ಕಳು ಮುಂದಿನ ಘಾಟಿಯ ತಿರುವುಗಳಲ್ಲಿ ಪಡುವ ಪಾಡನ್ನು ಹೆತ್ತವರೇ ಅನುಭವಿಸಬೇಕಾಗುತ್ತದೆ. ಪುಟ್ಟ ಮಕ್ಕಳಿದ್ದರೆ ಮೃಗಾಲಯವನ್ನು, ಹಿರಿಯರಿದ್ದರೆ ಅರಮನೆಯನ್ನು ಆರಿಸಿಕೊಳ್ಳಬಹುದು. ಚಾಮುಂಡಿ ಬೆಟ್ಟವನ್ನು ಮರಳುವ ದಾರಿಗೆ ಉಳಿಸಿಕೊಳ್ಳುವುದು ಲೇಸು. ಅದರಲ್ಲೂ ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡದೆ ಕೆಳಗಿನಿಂದ ಬಸ್ಸಿನಲ್ಲಿ ಕಳುಹಿಸುವುದು ವಾಡಿಕೆ. ದಸರಾ ದಿನಗಳಲ್ಲಂತೂ ಮೈಸೂರನ್ನು ದಾರಿಮಧ್ಯದ ವಿರಾಮವೆಂದು ಭಾವಿಸುವುದೇ ತಪ್ಪು.

ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಅರಮನೆಗೆ ದೀಪಾಲಂಕಾರವಿರುತ್ತದೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಆ ನೋಟಕ್ಕಾಗಿ ಜನ 6.30ರಿಂದಲೇ ಕಾದು ನಿಂತಿರುತ್ತಾರೆ. ಪ್ರಯಾಣಿಕರು ಎಡವುವುದೂ ಇಲ್ಲಿಯೇ. ರಾತ್ರಿ 7ಕ್ಕೆ ದೀಪ ಬೆಳಗಿ, 7.30ಕ್ಕೆ ಜನಜಂಗುಳಿಯಿಂದ ಕಾರು ಬಿಡಿಸಿಕೊಂಡು ಹೊರಟರೂ ನಂಜನಗೂಡು, ಬೇಗೂರು ದಾಟಿ ಸುಮಾರು 60 ಕಿ.ಮೀ. ದೂರದ ಗುಂಡ್ಲುಪೇಟೆ ತಲುಪುವಷ್ಟರಲ್ಲಿ 9 ಸಮೀಪಿಸಿರುತ್ತದೆ. ಅಲ್ಲಿಂದ ಮೇಲುಕಾಮನಹಳ್ಳಿ ತಪಾಸಣಾ ಠಾಣೆಗೆ ಇನ್ನಷ್ಟು ದೂರ. ಅರಮನೆಯ ದೀಪವನ್ನೂ ಅದೇ ರಾತ್ರಿ ಊಟಿಯನ್ನೂ ಕಾಣುವುದು ಆಗದ ಮಾತು. ದೀಪ ನೋಡಲೇಬೇಕೆನ್ನುವವರು ಮೈಸೂರಿನಲ್ಲಿ ಕೊಠಡಿ ಕಾದಿರಿಸಿ ಬೆಳಿಗ್ಗೆ ಹೊರಡಬೇಕು. ಅದು ಬೇಡವೆನ್ನುವವರು ಮಧ್ಯಾಹ್ನ 2 ಗಂಟೆಗೆ ಮೈಸೂರು ಬಿಡಬೇಕು. ಗೇಟು 9ರವರೆಗೆ ತೆರೆದಿದ್ದರೂ ಇಷ್ಟು ಬೇಗ ಹೊರಡಬೇಕಾಗಿರುವುದು ಘಾಟಿಯನ್ನು ಹಗಲಿನಲ್ಲಿಯೇ ಹತ್ತುವ ಸಲುವಾಗಿ.

ಈ ಎರಡರಲ್ಲಿ ರಾತ್ರಿ ತಂಗುವ ಯೋಜನೆಗೇ ಹೆಚ್ಚು ಅಂಕ ನೀಡಬೇಕು. ಒಂದು ರಾತ್ರಿಯ ಬಾಡಿಗೆ ಹೆಚ್ಚುವರಿಯಾಗಿ ಬೀಳುತ್ತದೆಂಬುದು ನಿಜ. ಆದರೆ ಬೆಳಿಗ್ಗೆ 7ಕ್ಕೆ ಮೈಸೂರು ಬಿಟ್ಟರೆ ಕಾಡನ್ನು ತಂಪು ಹೊತ್ತಿನಲ್ಲಿ ದಾಟಬಹುದು. ಜಿಂಕೆಯೋ ಆನೆಯೋ ಕಾಣಸಿಗುವ ಸಂಭವವೂ ಹೆಚ್ಚು.

ಕಂಡರೂ ಕಾರು ನಿಲ್ಲಿಸುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳದ ಬಳಿ ಆನೆಯ ಚಿತ್ರ ತೆಗೆಯಲು ಕಾರಿನಿಂದಿಳಿದ ಪ್ರವಾಸಿಯೊಬ್ಬರು ತುಳಿತಕ್ಕೆ ಸಿಲುಕಿ ಕೂದಲೆಳೆಯಲ್ಲಿ ಪಾರಾದರು; ಅರಣ್ಯ ಇಲಾಖೆ ಅವರಿಗೆ 25,000 ರೂಪಾಯಿ ದಂಡ ವಿಧಿಸಿತು. ಶೌಚಕ್ಕೆ, ತಿಂಡಿಗೆ, ಪೆಟ್ರೋಲಿಗೆ ಗುಂಡ್ಲುಪೇಟೆಯೇ ಸೂಕ್ತ ನಿಲುಗಡೆ.

ಗಡಿಯಾಚೆಯ ಕಾಗದಪತ್ರ

ನೀಲಗಿರಿ ಜಿಲ್ಲೆಗೆ ಹೋಗುವ ಪ್ರವಾಸಿ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂದಿದೆ. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ವಾಹನದ ಸಂಖ್ಯೆ, ಪ್ರಯಾಣಿಕರ ಸಂಖ್ಯೆ, ತಂಗುವ ದಿನಗಳನ್ನು ನಮೂದಿಸಿ ಉಚಿತವಾಗಿ ಪಡೆಯಬಹುದು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳಿಗಷ್ಟೇ ಪಾಸ್ ಎಂಬ ಮಿತಿಯನ್ನೂ ವಿಧಿಸಲಾಗಿತ್ತು. ಕಾಡಿನಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಕೊಠಡಿ ಕಾದಿರಿಸಿದ ದಿನವೇ ಪಾಸ್ ಪಡೆದು ಮುದ್ರಿಸಿಟ್ಟುಕೊಳ್ಳುವುದು ಕ್ಷೇಮ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ ನೀರಿನ ಸಣ್ಣ ಬಾಟಲಿಗಳಿಗೂ ನೀಲಗಿರಿಯಲ್ಲಿ ನಿಷೇಧವಿದೆ. ಮನೆಯಿಂದ ಸ್ಟೀಲ್ ಬಾಟಲಿ ತರುವುದು ವಾಸಿ.

ತೆಪ್ಪಕಾಡಿನ ಆನೆ ಶಿಬಿರದ ಬಳಿ ದಾರಿ ಕವಲೊಡೆಯುತ್ತದೆ. ಮಸಿನಗುಡಿ–ಕಲ್ಲಟ್ಟಿ ರಸ್ತೆ ಹತ್ತಿರದ್ದಾದರೂ 36 ಕಡಿದಾದ ತಿರುವುಗಳುಳ್ಳದ್ದು. ಗೂಡಲೂರು ಮಾರ್ಗ ಸುಮಾರು 30 ಕಿ.ಮೀ. ಹೆಚ್ಚು ದೂರವಾದರೂ ಏರು ಸೌಮ್ಯ. ಘಾಟಿಯ ಚಾಲನೆ ರೂಢಿಯಿಲ್ಲದವರಿಗೆ, ತುಂಬಿದ ಕಾರಿನವರಿಗೆ ಗೂಡಲೂರೇ ಸರಿ. ಹತ್ತುವಾಗ ಯಾವುದನ್ನೇ ಆರಿಸಿಕೊಂಡರೂ ಇಳಿಯುವಾಗ ಆಯ್ಕೆಯಿಲ್ಲ: ಬ್ರೇಕ್ ವಿಫಲಗೊಂಡು ಅಪಘಾತಗಳಾಗುವುದರಿಂದ ಹೊರಗಿನ ವಾಹನಗಳನ್ನು ಕಲ್ಲಟ್ಟಿ ಮೂಲಕ ಕೆಳಗಿಳಿಯಲು ಬಿಡುವುದಿಲ್ಲ.

ಮರಳುವ ದಿನವೂ ಇದೇ ಗೇಟು, ಇದೇ ಗಡುವು. ಗೂಡಲೂರಿನ ಸುತ್ತುದಾರಿ ಮತ್ತು ವಾರಾಂತ್ಯದ ದಟ್ಟಣೆಯನ್ನು ಗಣಿಸಿದರೆ ಮಧ್ಯಾಹ್ನ 3ರ ಒಳಗೆ ಊಟಿ ಬಿಟ್ಟವರು ಕತ್ತಲಾಗುವ ಹೊತ್ತಿಗೆ ಗುಂಡ್ಲುಪೇಟೆ ಸೇರಬಹುದು. ಸಂಜೆಯ ಚಹಾ ಮುಗಿಸಿಯೇ ಹೊರಡುವವರು ಗೂಡಲೂರಿನಲ್ಲೊಂದು ಕೊಠಡಿ ಹುಡುಕಲು ಸಿದ್ಧರಿರಬೇಕು.