ನಮ್ಮ ದಸ್ತರ್‌ಖಾನಿನ ಇತಿಹಾಸ



ಈದ್ ಕಳೆದ ಮೇಲೆ ನಾವು ಹರಿಹರದ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ಹಿರಿಯ ತಾಯಿ ರಮಝಾನ್‌ಗೆ ಮೊದಲೇ ತೀರಿಕೊಂಡಿದ್ದರು. "ಹಜರತ್, ಶೀರ್ ಖುರ್ಮಾ ಮಾಡಿದ್ವಿ, ಅಮ್ಮಿ ಕೈರುಚಿ ಬರಲಿಲ್ಲ. ಎಷ್ಟು ಹಾಕಬೇಕು ಅಂತ ಕೇಳಿದಾಗಲೆಲ್ಲ 'ಅಂದಾಜು' ಅಂತಿದ್ರು. ಪಕ್ಕದಲ್ಲಿ ನಿಂತು ಕಲಿಯಲೇ ಇಲ್ಲ" ಎಂದು ಮಗ ಕಣ್ಣೊರೆಸಿಕೊಂಡರು. ಆ ವಾರದ ಜುಮಾದಲ್ಲಿ ನಾವು ಇದನ್ನೇ ಮಾತನಾಡಿದೆವು.

ಇತಿಹಾಸವೆಂದರೆ ಕೋಟೆ, ಶಾಸನ ಎಂದುಕೊಳ್ಳುತ್ತೇವೆ. ಅಡುಗೆಮನೆಯಲ್ಲೂ ಇತಿಹಾಸವಿದೆ. ಫಾರಸಿಯಲ್ಲಿ ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ನಮ್ಮ ಕಡೆ ಅದು ಸುರಕುಂಬಾ ಆಗಿ, ನೆರೆಹೊರೆಯ ಎಲ್ಲರ ಬಾಯಲ್ಲೂ ನಿಂತಿದೆ. 'ಅಂದಾಜು' ಎಂಬುದೂ ಫಾರಸಿಯಿಂದ ಬಂದು ಕನ್ನಡವೇ ಆದ ಮಾತು.

ಹೈದರಲಿ ದಾವಣಗೆರೆಯನ್ನು ಮರಾಠ ಸರದಾರ ಅಪ್ಪೋಜಿರಾಮನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಹೀಗೆ ಬೆಳೆದ ಊರಿನಲ್ಲಿ ಜೋಳದ ರೊಟ್ಟಿ ಎಲ್ಲರ ಮನೆಯ ಊಟವಾಗಿತ್ತು. 1965ರ ಹೊತ್ತಿಗೆ ಭದ್ರಾ ಅಣೆಕಟ್ಟೆ ಪೂರ್ಣಗೊಂಡು, ನಾಲೆಯ ಬಯಲಲ್ಲಿ ಭತ್ತ ಹೆಚ್ಚಿತು. ನಮ್ಮ ಜನ ದುಡಿಯುವ ಮಂಡಕ್ಕಿ ಭಟ್ಟಿಗಳಿಗೂ ಭತ್ತವೇ ಆಧಾರ. ಭತ್ತ ನೆನೆಸಿ, ಬಿಸಿ ಮಾಡಿ, ಒಣಗಿಸಿ, ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿಯಬೇಕು. ಒಂದು ಕ್ಷಣ ತಪ್ಪಿದರೆ ಸೀದುಹೋಗುತ್ತದೆ. ಅಲ್ಲಿಯೂ ಅಂದಾಜೇ ಗುರು. ಇಫ್ತಾರಿನಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುವಾಗ, ಆ ಹೊಗೆಯಲ್ಲಿ ನಿಂತವರ ಎದೆ, ಕಣ್ಣುಗಳನ್ನೂ ನೆನೆಯಬೇಕು.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಾಗ ಬೇರೆ ಬೇರೆ ಊರಿನವರು ಬಂದು ಸೇರಿದರು. ಹಬ್ಬದ ಮರುದಿನ ಟಿಫಿನ್ ಡಬ್ಬಿಯಲ್ಲಿ ಸುರಕುಂಬಾ ಹೋಗುತ್ತಿತ್ತು, ಅದೇ ಡಬ್ಬಿಯಲ್ಲಿ ಹೋಳಿಗೆ ಬರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಇಂದು ಕಾರ್ಖಾನೆಯಿಲ್ಲ, ಡಬ್ಬಿಯ ಸಂಬಂಧ ಕೆಲವು ಮನೆಗಳಲ್ಲಿ ಮಾತ್ರ ಉಳಿದಿದೆ. ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಅಜ್ಜಿಯಂದಿರ ಅಂದಾಜಿನಲ್ಲಿ ನೆರೆಮನೆಯ ಆ ಒಂದು ಬಟ್ಟಲೂ ಸೇರಿತ್ತು. ಮನೆಮಂದಿಗಷ್ಟೇ ಅಳೆದರೆ ಅದು ಅವರ ಅಡುಗೆಯಾಗದು.

ಇನ್ನೊಂದು ಮಾತನ್ನು ಗಂಡಸರಿಗೆ ಹೇಳಲೇಬೇಕು. ಗಂಡಸರೆಲ್ಲ ಉಂಡೆದ್ದ ಮೇಲೆ, ತಳದಲ್ಲಿ ಉಳಿದದ್ದನ್ನು ಹೆಂಗಸರು ಉಣ್ಣುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಇದನ್ನು ಧರ್ಮವೆಂದು ತಿಳಿಯಬೇಡಿ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರು, ಊಟಕ್ಕೆ ಎಂದೂ ಹೆಸರಿಡುತ್ತಿರಲಿಲ್ಲ. ಹಿರಿಯರಿಂದ ಬಂದದ್ದರಲ್ಲಿ ಉಳಿಸಬೇಕಾದುದೂ ಇದೆ, ಬಿಡಬೇಕಾದುದೂ ಇದೆ.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಅಮ್ಮಿ, ದಾದಿ, ನಾನಿ ಇದ್ದರೆ ಒಲೆಯ ಬಳಿ ಅವರ ಜೊತೆ ನಿಲ್ಲಿ. ಹುಡುಗಿಯರಷ್ಟೇ ಅಲ್ಲ, ಹುಡುಗರೂ. ಅವರು ಹಿಡಿಯಲ್ಲಿ ತೆಗೆದದ್ದನ್ನು ಲೋಟದಲ್ಲಿ ಅಳೆದು ಬರೆದುಕೊಳ್ಳಿ. ಯಾರಿಂದ ಕಲಿತಿರಿ, ಯಾರ ಮನೆಗೆ ಕಳಿಸುತ್ತಿದ್ದಿರಿ ಎಂದೂ ಕೇಳಿ. ನಂತರ ಅವರನ್ನು ಮೊದಲು ಕೂರಿಸಿ, ನೀವು ಬಡಿಸಿ.

ನಮಗೆ ಉಣಿಸಿದ ಕೈಗಳಿಗೆ ಅಲ್ಲಾಹನು ಉತ್ತಮ ಪ್ರತಿಫಲ ನೀಡಲಿ, ಅಗಲಿದ ತಾಯಂದಿರಿಗೆ ಮಗ್ಫಿರತ್ ಕರುಣಿಸಲಿ. ಆಮೀನ್.