ಬುತ್ತಿಯಲ್ಲಿ ಬೇಗ ಕೆಡುವುದು ಯಾವುದು? ಡಬ್ಬಿ ಮಾಂಸವೋ, ಅಪ್ಪೆಮಿಡಿಯೋ, ಅನ್ನವೋ?

ಹವಾಯಿ ದ್ವೀಪಗಳ ‘ಸ್ಪ್ಯಾಮ್ ಮುಸುಬಿ’ ಎಂಬ ತಿಂಡಿಯನ್ನು ನೀವು ಯಾವುದಾದರೂ ವಿಡಿಯೊದಲ್ಲಿ ನೋಡಿರಬಹುದು. ಒತ್ತಿ ಗಟ್ಟಿ ಮಾಡಿದ ಅನ್ನದ ಮೇಲೆ ಹುರಿದ ಡಬ್ಬಿ ಮಾಂಸದ ಒಂದು ಹೋಳು ಇಟ್ಟು, ಸುತ್ತ ಕಡಲಪಾಚಿಯ ಹಾಳೆ ಸುತ್ತಿದರೆ ಮುಸುಬಿ ಸಿದ್ಧ. ನೋಡಿದವರು ಮೊದಲು ಕೇಳುವುದು, “ಡಬ್ಬಿ ಮಾಂಸ ವಿಷ ಅಲ್ಲವೇ?” ಎಂದು. ಅನ್ನದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಬೆಳಿಗ್ಗೆ ಕಟ್ಟಿ ಸಂಜೆ ತಿನ್ನುವಾಗ ಹೊಟ್ಟೆ ಕೆಡಿಸುವ ಸಾಧ್ಯತೆ ಹೆಚ್ಚಿರುವುದು ಅನ್ನಕ್ಕೇ.

ಇದು ನಮಗೂ ಸಂಬಂಧಿಸಿದ ವಿಷಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಾಡಿಸಿದ ಬಾಳೆಎಲೆಯಲ್ಲಿ ಅನ್ನ ಕಟ್ಟಿ, ನಡುವೆ ಒಂದು ಅಪ್ಪೆಮಿಡಿ ಇಟ್ಟರೆ ಅದೂ ಇದೇ ಲೆಕ್ಕ: ಬಹುಕಾಲ ಬಾಳುವ ಒಂದು ಪದಾರ್ಥ, ಬೇಗ ಕೆಡುವ ಒಂದು ಪದಾರ್ಥ.

ಡಬ್ಬಿ ಮಾಂಸ ಹೇಗೆ ಉಳಿಯುತ್ತದೆ?

ಸ್ಪ್ಯಾಮ್ ಅಮೆರಿಕದಲ್ಲಿ 1937ರಲ್ಲಿ ಮಾರುಕಟ್ಟೆಗೆ ಬಂದ ಹಂದಿಮಾಂಸದ ಡಬ್ಬಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ಜತೆ ಹವಾಯಿಯಲ್ಲಿ ಹರಡಿತು. ಅಲ್ಲಿ ನೆಲೆಸಿದ್ದ ಜಪಾನಿ ಕುಟುಂಬಗಳ ಅನ್ನದ ಉಂಡೆಯ ಜತೆ ಸೇರಿ ಮುಸುಬಿ ಆಯಿತು.

ಮಾಂಸವನ್ನು ಡಬ್ಬಿಯಲ್ಲಿ ಮುಚ್ಚಿದ ಮೇಲೆ ಒತ್ತಡದಲ್ಲಿ ಬೇಯಿಸುತ್ತಾರೆ. ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಉಂಟುಮಾಡುವ ‘ಕ್ಲಾಸ್ಟ್ರಿಡಿಯಂ ಬೊಟುಲಿನಂ’ ಬ್ಯಾಕ್ಟೀರಿಯಾವನ್ನು ಶಾಖ, ಉಪ್ಪು ಮತ್ತು ಸೋಡಿಯಂ ನೈಟ್ರೈಟ್ ತಡೆಯುತ್ತವೆ. ಆದ್ದರಿಂದ ಸರಿಯಾಗಿ ಮುಚ್ಚಿದ, ಅವಧಿ ಮೀರದ ಡಬ್ಬಿ ವಿಷವಲ್ಲ. ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ತೆರೆದಾಗ ಒಳಗಿನದು ಚಿಮ್ಮಿದರೆ ರುಚಿ ನೋಡಲೂ ಹೋಗಬೇಡಿ, ಎಸೆಯಿರಿ.

ಹಾಗಂತ ದಿನಾ ತಿನ್ನುವ ಪದಾರ್ಥವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿತ ಮಾಂಸವನ್ನು ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂನಂತೆ ನಿತ್ಯ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ಇದೇ ಗುಂಪಿನಲ್ಲಿ ತಂಬಾಕು ಇದೆ ಎಂದು “ಎರಡೂ ಒಂದೇ” ಎನ್ನುವುದು ತಪ್ಪು. ಗುಂಪು ತಿಳಿಸುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ಎಂಬುದನ್ನಲ್ಲ.

ಅಪ್ಪೆಮಿಡಿ ಹೇಗೆ ಉಳಿಯುತ್ತದೆ?

ಅಘನಾಶಿನಿ, ಬೇಡ್ತಿಯಂಥ ಹೊಳೆಗಳ ದಂಡೆಯ ಮರಗಳ ಎಳೆಯ ಮಾವು ಇದು. ಉಪ್ಪಿನಲ್ಲಿ ಹಾಕಿದಾಗ ಮಿಡಿಯೊಳಗಿನ ನೀರು ಹೊರಬಂದು ಅದು ಸುರುಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ನೀರು ಸಿಗುವುದಿಲ್ಲ. ಮಿಡಿಯ ಹುಳಿಯೂ ಸೇರಿ ಭರಣಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡಬ್ಬಿ ಮಾಂಸದಲ್ಲಿ ಶಾಖ ಮಾಡುವ ಕೆಲಸವನ್ನು ಇಲ್ಲಿ ಉಪ್ಪು ಮತ್ತು ಹುಳಿ ಮಾಡುತ್ತವೆ. ಎರಡರಲ್ಲೂ ಉಪ್ಪು ಹೆಚ್ಚು. ವಯಸ್ಕರಿಗೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದೊತ್ತಡ ಇರುವವರು ಇದನ್ನು ನೆನಪಿಡಬೇಕು.

ಅನ್ನ ಯಾಕೆ ಹಾಗಲ್ಲ?

ಅಕ್ಕಿಯಲ್ಲಿ ‘ಬ್ಯಾಸಿಲಸ್ ಸಿರಿಯಸ್’ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಿಂದಲೇ ಬಂದಿರುತ್ತವೆ. ಅನ್ನ ಕುದಿಯುವಾಗಲೂ ಇವು ಸಾಯುವುದಿಲ್ಲ. ಅನ್ನ ಬೆಚ್ಚಗೆ, ಒದ್ದೆಯಾಗಿ ಕೂತಿದ್ದರೆ ಮೊಳೆತು ಬೆಳೆದು ವಿಷ ಬಿಡುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಇವಕ್ಕೆಲ್ಲ ಅನುಕೂಲ. ನಮ್ಮ ಬೇಸಿಗೆಯ ಅಡುಗೆಮನೆ ಇದರೊಳಗೇ ಬರುತ್ತದೆ.

“ಮತ್ತೆ ಬಿಸಿ ಮಾಡಿದರೆ ಸರಿಹೋಗುತ್ತದೆ” ಎಂಬ ಮಾತು ನಿಜವಲ್ಲ. ವಾಂತಿ ತರಿಸುವ ವಿಷ ಒಮ್ಮೆ ಅನ್ನದಲ್ಲಿ ಸೇರಿದರೆ ಮನೆಯ ಒಲೆಯ ಶಾಖಕ್ಕೆ ಅದು ನಾಶವಾಗುವುದಿಲ್ಲ. ವಾಸನೆ, ರುಚಿಯಲ್ಲೂ ಗೊತ್ತಾಗದಿರಬಹುದು. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಹೆಚ್ಚಿನವರಿಗೆ ಒಂದು ದಿನದಲ್ಲಿ ಕಡಿಮೆಯಾಗುತ್ತದೆ. ಓಆರ್‌ಎಸ್ ಕುಡಿಯುತ್ತಿರಿ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಿಗಾದರೆ ಅಥವಾ ವಾಂತಿ ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಹಾಗಾದರೆ ತಂಗಳನ್ನ ವಿಷವೇ?

ಅಲ್ಲ. ನೀರು ಹಾಕಿಟ್ಟ ಅನ್ನದಲ್ಲಿ ಮೊಸರಿನಲ್ಲಿರುವಂಥ ಬ್ಯಾಕ್ಟೀರಿಯಾ ಬೆಳೆದು ಹುಳಿ ಬರಿಸುತ್ತವೆ. ಹುಳಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಚೆನ್ನಾಗಿ ಬೆಳೆಯುವುದಿಲ್ಲ. ಪ್ರಯಾಣಕ್ಕೆ ಮೊಸರನ್ನ, ಪುಳಿಯೋಗರೆ ಕಟ್ಟುವುದರ ಹಿಂದೆಯೂ ಇದೇ ಜಾಣತನ ಇದೆ. ಆದರೆ ಹುಳಿ ಬರುವ ಮೊದಲೇ ಅನ್ನ ಹಲವು ಗಂಟೆ ಹೊರಗೆ ಕೂತಿದ್ದರೆ ಖಾತ್ರಿ ಇಲ್ಲ. ಹಾಗಾಗಿ “ತಂಗಳನ್ನ ಅಮೃತ”, “ತಂಗಳನ್ನ ವಿಷ” ಎರಡೂ ಪೂರ್ತಿ ನಿಜವಲ್ಲ. ಇನ್ನೊಂದು ಮಾತು: ನಡುವೆ ಇಟ್ಟ ಮಿಡಿಯ ಉಪ್ಪು–ಹುಳಿ ತಾಗುವುದು ಸುತ್ತಲಿನ ಅನ್ನಕ್ಕಷ್ಟೇ. ಇಡೀ ಬುತ್ತಿಯನ್ನು ಅದು ಕಾಯುವುದಿಲ್ಲ.

ಮನೆಯಲ್ಲಿ ಮಾಡುವುದು ಹೇಗೆ?

• ಅನ್ನ ಸ್ವಲ್ಪ ಮೆತ್ತಗಿರಲಿ. ಬೆಳ್ತಿಗೆ ಅಕ್ಕಿಗೆ ನೀರು ತುಸು ಹೆಚ್ಚು ಹಾಕಿ. ಕುಚ್ಚಲಕ್ಕಿ ಅನ್ನ ಅಂಟುವುದಿಲ್ಲ.
• ಚಿಕ್ಕ ಸ್ಟೀಲ್ ಡಬ್ಬಿಗೆ ಬಾಡಿಸಿದ ಬಾಳೆಎಲೆ ಹಾಸಿ, ಬೆಚ್ಚಗಿನ ಅನ್ನವನ್ನು ಒದ್ದೆ ಸೌಟಿನಿಂದ ಒತ್ತಿ.
• ಮಾಂಸ ತಿನ್ನುವವರು ಡಬ್ಬಿ ಮಾಂಸವನ್ನು ಬೆರಳಿನ ಅರ್ಧ ದಪ್ಪಕ್ಕೆ ಹೋಳು ಮಾಡಿ, ಎರಡೂ ಬದಿ ಹುರಿದು ಮೇಲಿಡಿ. ಅದಕ್ಕೇ ಉಪ್ಪಿದೆ, ಅನ್ನಕ್ಕೆ ಹಾಕಬೇಡಿ. ತಿನ್ನದವರು ಸಣ್ಣಗೆ ಹೆಚ್ಚಿದ ಅಪ್ಪೆಮಿಡಿ ಬಳಸಿ.
• ಕಡಲಪಾಚಿ ಹಾಳೆ ಸಿಗದಿದ್ದರೆ ಬಾಳೆಎಲೆಯಲ್ಲೇ ಮಡಚಿ ಕಟ್ಟಿ. ತಿನ್ನುವಾಗ ಎಲೆ ಬಿಡಿಸಿ.
• ಕಟ್ಟಿದ 2 ಗಂಟೆಯೊಳಗೆ ತಿನ್ನಿ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್‌ನಲ್ಲಿಟ್ಟು ಮರುದಿನವೇ ಮುಗಿಸಿ.
• ತೆರೆದ ಡಬ್ಬಿಯ ಮಾಂಸವನ್ನು ಬೇರೆ ಪಾತ್ರೆಗೆ ಹಾಕಿ ಫ್ರಿಜ್‌ನಲ್ಲಿಡಿ. 3 ದಿನದೊಳಗೆ ಮುಗಿಸಿ.

ಮಗುವಿನ ಊಟದ ಡಬ್ಬಿ ಬೆಳಿಗ್ಗೆ 7ಕ್ಕೆ ತುಂಬಿ ಮಧ್ಯಾಹ್ನ 1ಕ್ಕೆ ತೆರೆಯುವುದಾದರೆ ಆರು ಗಂಟೆ ಆಯಿತು. ಅಂಥ ದಿನ ಬಿಸಿ ಅನ್ನವನ್ನು ಶಾಖ ಹಿಡಿಯುವ ಡಬ್ಬಿಯಲ್ಲಿ ಕಳಿಸಿ, ಇಲ್ಲವೇ ಅನ್ನದ ಬದಲು ಚಪಾತಿ ಕೊಡಿ. ಈ ಬರಹವನ್ನು ಯಾರಿಗಾದರೂ ಕಳಿಸುವಿರಾದರೆ ಈ ಒಂದು ಸಾಲು ಸಾಕು: ಡಬ್ಬಿಗೆ ಅವಧಿಯ ದಿನಾಂಕ ಅಚ್ಚಾಗಿರುತ್ತದೆ, ಅನ್ನಕ್ಕೆ ನಾವೇ ಗಡಿಯಾರ ನೋಡಬೇಕು.